ರೇಟ್ ಕೇಳಬೇಡಿ, ಲೆಕ್ಕ ಕೇಳಿ

ಭಾಗ 1/10: ಬಳಸೋಕಾಗದ ಲೇಬಲ್

ಫೋಟೋದಲ್ಲಿರೋದು ಎಣ್ಣೆ ಬಾಟಲಿಗೆ ಅಂಟಿಸೋ ಲೇಬಲ್. ತಿಪಟೂರು ಹತ್ತಿರ ನಮ್ಮ ಚಿಕ್ಕಪ್ಪ ಗಾಣದ ಕೊಬ್ಬರಿ ಎಣ್ಣೆ ತೆಗೆದು ಮಾರ್ತಾರೆ. ಒಂದಕ್ಕೆ 2 ರೂಪಾಯಿಯಂತೆ 3,000 ಲೇಬಲ್ ಹಾಕಿಸಿದ್ರು. ನೂರು ಕೂಡ ಖರ್ಚಾಗಿಲ್ಲ, ರೋಲ್ ಮೂಲೆಗೆ ಬಿದ್ದಿದೆ. ಯಾಕಂದ್ರೆ ಲೇಬಲ್ ಕೆಳಗಡೆ ಒಂದು ವೆಬ್‌ಸೈಟ್ ವಿಳಾಸ ಇದೆ (ನಾನು ಬೆರಳಿಟ್ಟು ಮುಚ್ಚಿದ್ದೀನಿ). ಆ ವಿಳಾಸ ಈಗ ಚಿಕ್ಕಪ್ಪಂದಲ್ಲ. ತೆರೆದ್ರೆ "ಈ ಹೆಸರು ಮಾರಾಟಕ್ಕಿದೆ" ಅಂತ ಬರುತ್ತೆ.

ಆ ವೆಬ್‌ಸೈಟ್ ಮಾಡಿಸಿದ್ದು 4,999 ರೂಪಾಯಿಗೆ, ಇದೇ ಆ್ಯಪ್‌ನಲ್ಲಿ ಬಂದ ಆ್ಯಡ್ ನೋಡಿ. ಆ ಆ್ಯಡ್ ಚಿಕ್ಕಪ್ಪನಿಗೆ ಫಾರ್ವರ್ಡ್ ಮಾಡಿದ್ದು ನಾನೇ. ಆಗ ನಾನು ಸೆಕೆಂಡ್ ಪಿಯು. "ನೀನು ಕಾಮರ್ಸ್ ಓದ್ತಿದ್ದೀಯಲ್ಲ, ರೇಟ್ ಸರಿಯಿದೆಯಾ ನೋಡು" ಅಂದ್ರು. ನಾನು ಇನ್ನಿಬ್ಬರ ರೇಟ್ ವಿಚಾರಿಸಿ, "ಇದೇ ಕಮ್ಮಿ" ಅಂದೆ. ನಾನು ಮಾಡಿದ ಆಡಿಟ್ ಅಷ್ಟೇ.

ಈಗ ಬಿಕಾಂ ಓದ್ತಿದ್ದೀನಿ. ಕಾಸ್ಟ್ ಅಕೌಂಟಿಂಗ್ ಪುಸ್ತಕ ತೆರೆದಾಗೆಲ್ಲ ಆ ರೋಲ್ ನೆನಪಾಗುತ್ತೆ. ಅದಕ್ಕೇ ಈ ಸರಣಿ. ದಿನಕ್ಕೊಂದು ಭಾಗ ಹಾಕ್ತೀನಿ.

ನನ್ನ ವಾದ ಒಂದೇ: ವೆಬ್ ಡಿಸೈನರ್ ದುಬಾರಿಯಾ ಅಗ್ಗವಾ ಅನ್ನೋ ಪ್ರಶ್ನೆಯೇ ತಪ್ಪು. ಒಂದೇ ಸಾಲಿನಲ್ಲಿ ಒಂದೇ ಮೊತ್ತ ಬರೆದು ಕೊಡೋ ಕೊಟೇಶನ್ ಇದೆಯಲ್ಲ, ಅದು 4,999 ಇರಲಿ, 99,999 ಇರಲಿ, ಅದಕ್ಕೆ ಸಹಿ ಹಾಕಬೇಡಿ. ಕೊಡೋರೂ ತಪ್ಪು ಮಾಡ್ತಿದ್ದಾರೆ, ಕೇಳದೆ ತಗೊಳ್ಳೋ ನಾವೂ ತಪ್ಪು ಮಾಡ್ತಿದ್ದೀವಿ.

ಸಂತೆಯಲ್ಲಿ ಕಾಯಿ ಕೊಳ್ಳುವಾಗ ಒಂದೊಂದನ್ನೂ ಅಲ್ಲಾಡಿಸಿ, ನೀರಿನ ಸದ್ದು ಕೇಳಿ ತಗೊಳ್ತೀವಿ. ಇದಕ್ಕೆ ಮಾತ್ರ ಕಣ್ಣು ಮುಚ್ಚಿ ದುಡ್ಡು ಕೊಡೋದು ಯಾಕೆ?

ಭಾಗ 2/10: ಒಂದು ಮೊತ್ತದೊಳಗೆ ನಾಲ್ಕು ಖರ್ಚು

"ವೆಬ್‌ಸೈಟಿಗೆ ಎಷ್ಟು?" ಅಂತ ಕೇಳ್ತೀವಿ. ಮನೆಗೆ ಎಷ್ಟು ಅಂತ ಯಾರಾದರೂ ಹಾಗೆ ಕೇಳ್ತಾರಾ? ಸೈಟಿಗೆ ಬೇರೆ, ಕಟ್ಟೋ ಕೂಲಿಗೆ ಬೇರೆ, ಕಂದಾಯಕ್ಕೆ ಬೇರೆ, ಸುಣ್ಣಬಣ್ಣಕ್ಕೆ ಬೇರೆ. ಇಲ್ಲೂ ಹಾಗೇ, ನಾಲ್ಕು ಬಾಬ್ತು.

ಒಂದು, ಹೆಸರು. ಇದಕ್ಕೆ ಡೊಮೈನ್ ಅಂತಾರೆ. ಇದನ್ನ ಯಾರೂ ಶಾಶ್ವತವಾಗಿ ಕೊಂಡುಕೊಳ್ಳೋಕೆ ಆಗಲ್ಲ. ವರ್ಷದ ಲೆಕ್ಕದಲ್ಲಿ ಗುತ್ತಿಗೆ, ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷ. ಡಾಟ್ ಇನ್ ಅಥವಾ ಡಾಟ್ ಕಾಮ್ ಹೆಸರಿಗೆ ವರ್ಷಕ್ಕೆ ಸುಮಾರು ಸಾವಿರ ರೂಪಾಯಿ ಆಸುಪಾಸು. ಮೊದಲ ವರ್ಷ ಆಫರ್‌ನಲ್ಲಿ ಅಗ್ಗವಾಗಿ ಸಿಗುತ್ತೆ, ಎರಡನೇ ವರ್ಷ ನಿಜವಾದ ರೇಟ್ ಬರುತ್ತೆ.

ಎರಡು, ಜಾಗ. ಇದು ಹೋಸ್ಟಿಂಗ್. ನಿಮ್ಮ ಫೋಟೋ, ಬರಹ ಎಲ್ಲ ಕೂತಿರೋ ಕಂಪ್ಯೂಟರಿನ ಬಾಡಿಗೆ. ಸಣ್ಣ ವೆಬ್‌ಸೈಟಿಗೆ ವರ್ಷಕ್ಕೆ ಎರಡರಿಂದ ನಾಲ್ಕು ಸಾವಿರದ ಆಸುಪಾಸು. ಇಲ್ಲೂ ಮೊದಲ ವರ್ಷದ ಆಫರ್ ಆಟ ಇದ್ದೇ ಇದೆ.

ಮೂರು, ಕೆಲಸ. ಮಾತಾಡಿ ಅರ್ಥ ಮಾಡ್ಕೊಳ್ಳೋದು, ವಿನ್ಯಾಸ, ಕಟ್ಟೋದು, ಫೋನಿನಲ್ಲಿ ಪರೀಕ್ಷೆ ಮಾಡೋದು. ಇದು ಒಂದೇ ಸಲದ ಖರ್ಚು. ಡಿಸೈನರಿಗೆ ನಿಜವಾಗಿ ಸಲ್ಲಬೇಕಾದ ದುಡ್ಡು ಇದೇ.

ನಾಲ್ಕು, ನಿಗಾ. ಸಾಫ್ಟ್‌ವೇರ್ ಅಪ್‌ಡೇಟ್, ಬ್ಯಾಕಪ್, ರೇಟ್ ಬದಲಾದಾಗ ತಿದ್ದೋದು. ಇದು ಪ್ರತಿ ವರ್ಷ ಇರುತ್ತೆ.

ಫಸ್ಟ್ ಇಯರ್ ಬಿಕಾಂನಲ್ಲಿ ಕಲಿಸ್ತಾರೆ: ಬಂಡವಾಳ ವೆಚ್ಚ ಬೇರೆ, ಕಂದಾಯ ವೆಚ್ಚ ಬೇರೆ, ಎರಡನ್ನೂ ಬೆರೆಸಬೇಡಿ. 4,999ರ ಆ್ಯಡ್ ಮಾಡೋದು ಅದನ್ನೇ. ನಾಲ್ಕನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿಬಿಡುತ್ತೆ. ಆಮೇಲೆ ಯಾವುದಕ್ಕೆ ಎಷ್ಟು ಕೊಟ್ಟಿರಿ ಅಂತ ನಿಮಗೂ ಗೊತ್ತಿರಲ್ಲ, ಮುಂದಿನ ವರ್ಷ ಯಾವುದಕ್ಕೆ ಕೇಳ್ತಿದ್ದಾರೆ ಅನ್ನೋದೂ ಗೊತ್ತಾಗಲ್ಲ.

ಭಾಗ 3/10: ಖಾತೆ ಯಾರ ಹೆಸರಲ್ಲಿದೆ?

ಸೈಟ್ ಕೊಳ್ಳುವಾಗ ಅಪ್ಪ ಅಮ್ಮ ಮೊದಲು ಕೇಳೋದು ಇದನ್ನೇ. ವೆಬ್‌ಸೈಟ್ ಮಾಡಿಸುವಾಗ ಯಾರೂ ಕೇಳಲ್ಲ.

ಚಿಕ್ಕಪ್ಪನ ಕಥೆ ಇಲ್ಲೇ ಕೆಟ್ಟಿದ್ದು. ಮಾಡಿಕೊಟ್ಟವರು ಡೊಮೈನನ್ನ ತಮ್ಮ ಅಕೌಂಟಿನಲ್ಲಿ, ತಮ್ಮ ಇಮೇಲ್ ಕೊಟ್ಟು ತಗೊಂಡಿದ್ರು. ಮೊದಲ ವರ್ಷ ಮುಗಿದಾಗ "ರಿನ್ಯೂವಲ್ 7,500" ಅಂತ ಮೆಸೇಜ್ ಬಂತು. ಯಾವುದಕ್ಕೆ ಎಷ್ಟು ಅಂತ ಇಲ್ಲ, ಬರೀ 7,500. ಚಿಕ್ಕಪ್ಪ ಕಟ್ಟಿದ್ರು. ಎರಡನೇ ವರ್ಷ ಮುಗಿಯೋ ಹೊತ್ತಿಗೆ ಫೋನ್ ಎತ್ತೋದು ನಿಂತಿತು, ಆಮೇಲೆ ಸ್ವಿಚ್ ಆಫ್.

ಡಾಟ್ ಕಾಮ್ ಥರದ ಹೆಸರುಗಳ ಅವಧಿ ಮುಗಿಯೋ ಸುಮಾರು ಒಂದು ತಿಂಗಳು ಮೊದಲು ಒಂದು ಸಲ, ಒಂದು ವಾರ ಮೊದಲು ಇನ್ನೊಂದು ಸಲ, ಹೆಸರು ಮಾರಿದ ಕಂಪನಿ ನೆನಪಿನ ಮೇಲ್ ಕಳಿಸಲೇಬೇಕು. ಡೊಮೈನ್ ವ್ಯವಸ್ಥೆ ನೋಡ್ಕೊಳ್ಳೋ ಅಂತಾರಾಷ್ಟ್ರೀಯ ಸಂಸ್ಥೆ ಐಕ್ಯಾನ್‌ನ ನಿಯಮ ಇದು. ಅವಧಿ ಮುಗಿದು ಹೆಸರು ಅಳಿಸಿಹೋದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸ್ಕೊಳ್ಳೋ ಅವಕಾಶ ಇರುತ್ತೆ. ವ್ಯವಸ್ಥೆ ಅಷ್ಟು ಚೆನ್ನಾಗಿದೆ. ಆದರೆ ಆ ಮೇಲ್ ಹೋಗೋದು ದಾಖಲೆಯಲ್ಲಿರೋ ವಿಳಾಸಕ್ಕೆ. ದಾಖಲೆಯಲ್ಲಿದ್ದದ್ದು ಚಿಕ್ಕಪ್ಪನ ವಿಳಾಸ ಅಲ್ಲ. ಅವರಿಗೆ ಗೊತ್ತಾಗಿದ್ದು ಗಿರಾಕಿಯೊಬ್ಬರು "ಏನ್ರೀ, ಅಂಗಡಿ ಮಾರ್ತಿದ್ದೀರಾ?" ಅಂತ ಫೋನ್ ಮಾಡಿದಾಗ.

ಅದಕ್ಕೆ, ಬೇರೆ ಏನೇ ಡಿಸೈನರಿಗೆ ಬಿಟ್ಟರೂ ಇದೊಂದನ್ನ ಬಿಡಬೇಡಿ. ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್ ಕೊಟ್ಟು ಅಕೌಂಟ್ ತೆರೆಯಿರಿ. ನಿಮ್ಮ ಯುಪಿಐನಿಂದಲೇ ದುಡ್ಡು ಕಟ್ಟಿ. ಹತ್ತು ನಿಮಿಷದ ಕೆಲಸ. ಈಗಾಗಲೇ ಬೇರೆಯವರ ಅಕೌಂಟಿನಲ್ಲಿದ್ರೆ, ಸಂಬಂಧ ಚೆನ್ನಾಗಿರುವಾಗಲೇ "ನಮ್ಮ ಅಕೌಂಟಿಗೆ ವರ್ಗಾಯಿಸಿ ಕೊಡಿ" ಅಂತ ಕೇಳಿ. ಬೇರೆ ಕಂಪನಿಗೆ ವರ್ಗಾಯಿಸೋದಾದ್ರೆ ಆತ್ ಕೋಡ್ ಅನ್ನೋ ಒಂದು ಗುಟ್ಟಿನ ಸಂಖ್ಯೆ ಬೇಕು, ಅದನ್ನೂ ಕೇಳಿ.

ಭಾಗ 4/10: ಒಂದು ಗಂಟೆಯ ಬೆಲೆ

"60 ಗಂಟೆ ಕೆಲಸಕ್ಕೆ 21,000 ಅಂತೆ, ಹಗಲು ದರೋಡೆ" ಅಂತ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಬನ್ನಿ, ಕಾಸ್ಟ್ ಶೀಟ್ ಹಾಕೋಣ. ಅಂಕಿಗಳು ನನ್ನ ಅಂದಾಜು, ನಿಮ್ಮ ಊರಿಗೆ ತಕ್ಕಂತೆ ಬದಲಾಯಿಸ್ಕೊಳ್ಳಿ. ಲೆಕ್ಕದ ದಾರಿ ಮಾತ್ರ ನೋಡಿ.

ತುಮಕೂರಿನಂಥ ಊರಲ್ಲಿ ಒಬ್ಬರೇ ಕೆಲಸ ಮಾಡೋ ಡಿಸೈನರ್. ತಿಂಗಳಿಗೆ ಕೈಗೆ 30,000 ಬೇಕು, ವರ್ಷಕ್ಕೆ 3,60,000. ಲ್ಯಾಪ್‌ಟಾಪ್ 60,000, ನಾಲ್ಕು ವರ್ಷ ಬಾಳಿದ್ರೆ ಸವಕಳಿ ವರ್ಷಕ್ಕೆ 15,000. ಇಂಟರ್ನೆಟ್ 12,000. ಕರೆಂಟು, ಸಾಫ್ಟ್‌ವೇರ್, ಫೋನು, ಓಡಾಟ ಸೇರಿ 33,000. ಒಟ್ಟು 4,20,000.

ವರ್ಷಕ್ಕೆ 300 ದಿನ, ದಿನಕ್ಕೆ 8 ಗಂಟೆ, ಅಂದ್ರೆ 2,400 ಗಂಟೆ. ಆದರೆ ಅದರಲ್ಲಿ ಅರ್ಧ ಗಿರಾಕಿ ಹುಡುಕೋದು, ಕೊಟೇಶನ್ ಬರೆಯೋದು, "ನಾಳೆ ಹಾಕ್ತೀನಿ" ಅನ್ನೋರ ಹಿಂದೆ ಬಾಕಿಗೆ ಅಲೆಯೋದು, ಹೊಸದು ಕಲಿಯೋದು. ದುಡ್ಡು ಹುಟ್ಟೋದು 1,200 ಗಂಟೆಯಲ್ಲಿ ಮಾತ್ರ. 4,20,000 ಭಾಗಿಸು 1,200. ಗಂಟೆಗೆ 350 ರೂಪಾಯಿ. ಇಷ್ಟರಲ್ಲಿ ಲಾಭ ಇನ್ನೂ ಸೇರಿಲ್ಲ, ಬರೀ ಜೀವನ.

ಐದು ಪುಟದ ವೆಬ್‌ಸೈಟ್: ಮಾತುಕತೆ 6 ಗಂಟೆ, ಬರಹ ಫೋಟೋ ಜೋಡಿಸೋದು 10, ವಿನ್ಯಾಸ 16, ಕಟ್ಟೋದು 16, ಫೋನಿನಲ್ಲಿ ಪರೀಕ್ಷೆ 6, ತಿದ್ದುಪಡಿ ಮತ್ತು ನಿಮಗೆ ಹೇಳಿಕೊಡೋದು 6. ಒಟ್ಟು 60. ಇಂಟು 350 ಅಂದ್ರೆ 21,000.

ಈಗ ತಿರುಗಿಸಿ. 4,999ಕ್ಕೆ ಎಷ್ಟು ಗಂಟೆ ಸಿಗುತ್ತೆ? 14 ಗಂಟೆ ಚಿಲ್ಲರೆ. ಅದರಲ್ಲೇ ಡೊಮೈನು, ಹೋಸ್ಟಿಂಗು ಕಳೆದ್ರೆ ಉಳಿಯೋದು ಇನ್ನೂ ಕಮ್ಮಿ. ಅಷ್ಟರಲ್ಲಿ ಮಾಡಬಹುದಾದ್ದು ಒಂದೇ: ಸಿದ್ಧ ಇರೋ ಟೆಂಪ್ಲೇಟಿಗೆ ನಿಮ್ಮ ಹೆಸರು, ಫೋಟೋ ಹಾಕಿ ಕೊಡೋದು.

ಅದು ಮೋಸ ಅಲ್ಲ. ಸಿದ್ಧ ಉಡುಪು ಮಾರೋದು ಮೋಸವಾ? ಸಿದ್ಧ ಉಡುಪು ಕೊಟ್ಟು "ಅಳತೆ ತಗೊಂಡು ಹೊಲಿದಿದ್ದೀವಿ" ಅನ್ನೋದು ಮೋಸ.

ಭಾಗ 5/10: ಈಗ ನಮ್ಮ ಸರದಿ

ಡಿಸೈನರುಗಳನ್ನ ಮಾತ್ರ ಬೈದ್ರೆ ನ್ಯಾಯ ಆಗಲ್ಲ. ಈ ಭಾಗ ಗಿರಾಕಿಗಳಾದ ನಮಗೆ.

"ನಮ್ಮ ಅಕ್ಕನ ಮಗ ಬಿಸಿಎ, ಅವನೇ ಮಾಡಿಕೊಡ್ತಾನೆ." ಈ ಮಾತು ಎಷ್ಟು ಸಲ ಕೇಳಿಲ್ಲ? ನಮ್ಮ ಹಾಸ್ಟೆಲ್‌ನಲ್ಲಿ ಬಿಸಿಎ ಓದೋ ಗೆಳೆಯನೊಬ್ಬ ನೆಂಟರ ಕಲ್ಯಾಣ ಮಂಟಪಕ್ಕೆ ವೆಬ್‌ಸೈಟ್ ಮಾಡಿಕೊಟ್ಟ. ಸಂಭಾವನೆ ಒಂದು ಊಟ, ಜೊತೆಗೆ "ನಿನಗೂ ಪ್ರಚಾರ ಆಗುತ್ತೆ ಬಿಡು". ಒಂದು ತಿಂಗಳು ರಾತ್ರಿ ನಿದ್ದೆಗೆಟ್ಟ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಹೋಯ್ತು. ಆಮೇಲೆ ಬಂದದ್ದು "ಆ ಬಣ್ಣ ಬೇಡ, ಈ ಬಣ್ಣ ಬೇಡ, ಮುಂಚಿಂದೇ ಚೆನ್ನಾಗಿತ್ತು" ಅನ್ನೋ ಫೋನ್‌ಗಳು. ಅದೇ ಮಂಟಪದವರು ವಾಲಗದವರನ್ನ ಊಟಕ್ಕೆ ಕರೆಸಿ ಬಾರಿಸೋಕೆ ಹೇಳ್ತಾರಾ? ಅಡುಗೆ ಭಟ್ಟರಿಗೆ "ಪ್ರಚಾರ ಆಗುತ್ತೆ" ಅಂತಾರಾ?

ಕಣ್ಣಿಗೆ ಸಾಮಾನು ಕಾಣದ ಕೆಲಸಕ್ಕೆ ದುಡ್ಡು ಕೊಡೋಕೆ ನಮಗೆ ಕೈ ಬರಲ್ಲ. ಸಿಮೆಂಟ್ ಮೂಟೆ ಕಂಡ್ರೆ ಕೊಡ್ತೀವಿ, ಎಂಜಿನಿಯರ್ ಡ್ರಾಯಿಂಗ್ ಫೀಸ್ ಅಂದ್ರೆ ಚೌಕಾಸಿ. ಲೇಬಲ್ ಮೇಲಿನ ಮಸಿಗೆ 6,000 ಕೊಟ್ಟ ಚಿಕ್ಕಪ್ಪ, ಲೇಬಲ್ ಡಿಸೈನ್ ಮಾಡಿದ ಹುಡುಗನಿಗೆ 200 ಕೊಟ್ಟಿದ್ರು. ಇದನ್ನ ಅವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ.

ಇದರ ಫಲ ಏನು? ಸರಿಯಾಗಿ ಗಂಟೆ ಲೆಕ್ಕ ಹಾಕಿ 21,000 ಅಂದವರಿಗೆ ಕೆಲಸ ಸಿಗಲ್ಲ. ಸಿಗಬೇಕು ಅಂದ್ರೆ ಅವರೂ 4,999 ಅಂತ ಹೇಳಿ, ಉಳಿದದ್ದನ್ನ "ರಿನ್ಯೂವಲ್" ಹೆಸರಲ್ಲಿ ಹಿಂಬಾಗಿಲಿಂದ ವಸೂಲಿ ಮಾಡಬೇಕು. ಆ 7,500ರ ಮೆಸೇಜ್ ಹುಟ್ಟಿದ್ದು ಹಾಗೆ. ಪ್ರಾಮಾಣಿಕ ರೇಟನ್ನ ನಾವು ಬಾಗಿಲಿಂದ ಓಡಿಸಿದ್ವಿ, ಅದು ಕಿಟಕಿಯಿಂದ ಮುಖವಾಡ ಹಾಕ್ಕೊಂಡು ಬಂತು.

ಭಾಗ 6/10: ಕೊಟೇಶನ್‌ನ ಹುಳಗಳು

ಸೇವ್ ಮಾಡ್ಕೊಳ್ಳಿ. ಕೊಟೇಶನ್ ಕೈಗೆ ಬಂದಾಗ ಈ ಸಾಲುಗಳನ್ನ ಹುಡುಕಿ.

"ಎಸ್‌ಎಸ್‌ಎಲ್ ಸರ್ಟಿಫಿಕೇಟ್, ವರ್ಷಕ್ಕೆ 3,000." ವಿಳಾಸದ ಪಕ್ಕ "ಸುರಕ್ಷಿತವಲ್ಲ" ಅಂತ ಬರದಿರೋ ಹಾಗೆ ಮಾಡೋದು ಇದೇ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಲಾಭರಹಿತ ಸೇವೆ 2016ಕ್ಕೂ ಮುಂಚಿನಿಂದ ಇದನ್ನ ಪುಕ್ಕಟೆ ಕೊಡ್ತಿದೆ, ತಾನಾಗೇ ನವೀಕರಣ ಆಗೋ ಹಾಗೆ ಹೊಂದಿಸಬಹುದು. ಬಹಳಷ್ಟು ಹೋಸ್ಟಿಂಗ್ ಕಂಪನಿಗಳು ಅದನ್ನ ಸೇರಿಸಿಯೇ ಕೊಡ್ತವೆ. ಸಣ್ಣ ಅಂಗಡಿಗೆ ಅಷ್ಟು ಸಾಕು. 3,000 ಯಾಕೆ ಅಂತ ಕೇಳಿ. ಹೊಂದಿಸೋ ಕೂಲಿ ಅಂದ್ರೆ ಒಂದು ಸಲ ಕೊಡಿ.

"ಲೈಫ್‌ಟೈಮ್ ಡೊಮೈನ್." ಹಾಗೊಂದು ಇಲ್ಲವೇ ಇಲ್ಲ. ಎರಡನೇ ಭಾಗ ನೋಡಿ.

"ಗೂಗಲ್‌ನಲ್ಲಿ ನಂಬರ್ ಒನ್ ಗ್ಯಾರಂಟಿ." ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡೋಕಾಗಲ್ಲ ಅಂತ ಗೂಗಲ್ಲೇ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಹೇಳೋರನ್ನ ಅಲ್ಲೇ ಬಿಟ್ಟುಬಿಡಿ.

"ಸಾಫ್ಟ್‌ವೇರ್ ಲೈಸೆನ್ಸ್ 10,000." ಯಾವ ಸಾಫ್ಟ್‌ವೇರ್? ವರ್ಡ್‌ಪ್ರೆಸ್ ಆದ್ರೆ ಅದು 2003ರಿಂದ ಪುಕ್ಕಟೆ, ಮುಕ್ತ ತಂತ್ರಾಂಶ. ಜಗತ್ತಿನ ಶೇ. 40ಕ್ಕೂ ಹೆಚ್ಚು ವೆಬ್‌ಸೈಟ್ ಅದರ ಮೇಲೇ ನಿಂತಿವೆ. ದುಡ್ಡಿನ ಥೀಮ್, ಪ್ಲಗಿನ್ ಇದ್ರೆ ಹೆಸರು ಬರೆಸಿ, ಲೈಸೆನ್ಸ್ ನಿಮ್ಮ ಹೆಸರಲ್ಲಿ ತಗೊಳ್ಳಿ. ಒಂದು ಮಾತು: ಸಾಫ್ಟ್‌ವೇರ್ ಪುಕ್ಕಟೆ ಅಂದ್ರೆ ಕೆಲಸವೂ ಪುಕ್ಕಟೆ ಅಂತಲ್ಲ. ನೀರು ಪುಕ್ಕಟೆ ಅಂತ ಭಟ್ಟರಿಗೆ ಸಾರಿನ ಕೂಲಿ ಕಡಿಯಲ್ಲ ಅಲ್ವಾ?

"ಜಿಎಸ್‌ಟಿ 18% ಪ್ರತ್ಯೇಕ." ದರ ಸರಿ. ಆದರೆ ಬಿಲ್ಲಿನಲ್ಲಿ 15 ಅಕ್ಷರದ ಜಿಎಸ್‌ಟಿಐಎನ್ ಇದೆಯಾ? ಕರ್ನಾಟಕದ್ದಾದ್ರೆ 29ರಿಂದ ಶುರುವಾಗುತ್ತೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಸೇವೆ ಮಾತ್ರ ಕೊಡೋರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯ ಇಲ್ಲ. ಆದರೆ ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡೋ ಹಾಗೂ ಇಲ್ಲ. 21,000ದ ಮೇಲೆ 18% ಅಂದ್ರೆ 3,780. ಸುಮ್ಮನೆ ಬಿಡೋ ಮೊತ್ತ ಅಲ್ಲ.

ಭಾಗ 7/10: ಕೊಟೇಶನ್‌ನಲ್ಲಿ ಇರದ ಖರ್ಚು

ಇದನ್ನ ಡಿಸೈನರ್ ಹೇಳಲ್ಲ, ನಾವೂ ಯೋಚಿಸಲ್ಲ.

ಫೋಟೋ. ಫೋನಿನ ಫೋಟೋ ಒಂದೊಂದೂ 4–5 ಎಂಬಿ ಇರುತ್ತೆ. ಹತ್ತು ಹಾಗೇ ಏರಿಸಿದ್ರೆ ಪುಟ ತೆರೆಯೋಕೆ 40 ಎಂಬಿ ಬೇಕು. ನೆಟ್‌ವರ್ಕ್ ಒಂದು ಕಡ್ಡಿ ಇರೋ ಊರಲ್ಲಿ ಗಿರಾಕಿ ಕಾಯ್ತಾನಾ? ಚಿಕ್ಕಪ್ಪನ ಸೈಟ್ ಹಾಗೇ ಇತ್ತು. ಫೋಟೋ ತೆಗೆಯೋದು, ಕುಗ್ಗಿಸೋದು ಯಾರ ಕೆಲಸ ಅಂತ ಮೊದಲೇ ಮಾತಾಗಬೇಕು.

ಬರಹ. "ಕಂಟೆಂಟ್ ನೀವೇ ಕೊಡಬೇಕು" ಅಂತ ಸಣ್ಣಕ್ಷರದಲ್ಲಿ ಇರುತ್ತೆ. ಕೊಡದಿದ್ರೆ ಎಲ್ಲಿಂದಲೋ ಎತ್ತಿ ಹಾಕ್ತಾರೆ. ಚಿಕ್ಕಪ್ಪನ ಸೈಟಿನಲ್ಲಿ "ನಮ್ಮ ಬಗ್ಗೆ" ಪುಟದಲ್ಲಿ ಕೊಬ್ಬರಿ ಅನ್ನೋ ಪದವೇ ಇರಲಿಲ್ಲ.

ಕನ್ನಡ. ಪ್ರೆಸ್‌ನಲ್ಲಿ ಟೈಪ್ ಮಾಡಿಸಿದ ಕನ್ನಡ ಎಷ್ಟೋ ಸಲ ಯೂನಿಕೋಡ್ ಆಗಿರಲ್ಲ, ಹಳೇ ಫಾಂಟಿನಲ್ಲಿರುತ್ತೆ. ಅದನ್ನ ಹಾಗೇ ಅಂಟಿಸಿದ್ರೆ ಚಿತ್ರವಿಚಿತ್ರ ಅಕ್ಷರ ಬರುತ್ತೆ. ಚಿತ್ರ ಮಾಡಿ ಹಾಕಿದ್ರೆ ಹುಡುಕಾಟದಲ್ಲಿ ಸರಿಯಾಗಿ ಸಿಗಲ್ಲ. ಇಂಗ್ಲಿಷಿಗೆ ಮಾಡಿದ ಟೆಂಪ್ಲೇಟಿನಲ್ಲಿ ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ. "ಎಣ್ಣೆ"ಯ ಒತ್ತು ಕತ್ತರಿಸಿಹೋದ್ರೆ ಏನು ಓದ್ತೀರಿ? ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಥರ ಒಳ್ಳೇ ಫಾಂಟ್ ಪುಕ್ಕಟೆ ಸಿಗುತ್ತವೆ. ಆದರೆ ಹೊಂದಿಸೋಕೆ ಕನ್ನಡ ಓದೋ ಕಣ್ಣು ಬೇಕು, ಅದಕ್ಕೆ ಗಂಟೆಗಳು ಬೇಕು.

ದುಡ್ಡು ತಗೊಳ್ಳೋದು. ಪೇಮೆಂಟ್ ಗೇಟ್‌ವೇಗಳು ಸಾಮಾನ್ಯವಾಗಿ ಪ್ರತಿ ವ್ಯವಹಾರಕ್ಕೆ ಶೇ. 2ರ ಆಸುಪಾಸು, ಅದರ ಮೇಲೆ ಜಿಎಸ್‌ಟಿ ಹಿಡೀತವೆ. 500 ರೂಪಾಯಿ ಬಾಟಲಿಗೆ ಸುಮಾರು 12 ರೂಪಾಯಿ. ನಿಮ್ಮ ಲಾಭದಲ್ಲಿ ಇದನ್ನ ಕಳೆದಿದ್ದೀರಾ?

ಕಾನೂನು. ನೀವೇ ನೇರವಾಗಿ ಆನ್‌ಲೈನ್ ಮಾರಿದ್ರೆ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಕಡೆಗೂ ಕಣ್ಣು ಹಾಯಿಸಿ. ಹೆಸರು, ವಿಳಾಸ, ದೂರು ಕೇಳೋರ ವಿವರ, ಹಿಂತಿರುಗಿಸೋ ನಿಯಮ, ಇವೆಲ್ಲ ಸೈಟಿನಲ್ಲಿ ಇರಬೇಕು. 14 ಗಂಟೆಯ ಟೆಂಪ್ಲೇಟಿನಲ್ಲಿ ಇದನ್ನ ಯಾರು ನೋಡ್ತಾರೆ?

ಭಾಗ 8/10: ದುಡ್ಡು ಕೊಟ್ಟ ಮಾತ್ರಕ್ಕೆ ನಿಮ್ಮದಲ್ಲ

ಈ ಭಾಗ ಬರೆಯೋ ಮುಂಚೆ ನನಗೂ ಗೊತ್ತಿರಲಿಲ್ಲ. ಬಿಸಿನೆಸ್ ಲಾ ಮೇಡಂ ಹತ್ತಿರ ಕೇಳಿ, ಕಾಯ್ದೆ ತೆರೆದು ಓದಿದೆ.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಮಾಲೀಕ ಅದನ್ನ ರಚಿಸಿದವರು. ಸಂಬಳಕ್ಕಿರೋ ನೌಕರರು ಕೆಲಸದ ಭಾಗವಾಗಿ ಮಾಡಿದ್ರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಮಾಲೀಕತ್ವ ಕೆಲಸ ಕೊಟ್ಟವರದ್ದು. ಆದರೆ ಡಿಸೈನರ್ ನಿಮ್ಮ ನೌಕರರಲ್ಲ, ಗುತ್ತಿಗೆ ಮೇಲೆ ಮಾಡಿಕೊಡೋರು. ಹಣ ಕೊಟ್ಟು ಫೋಟೋ ತೆಗೆಸಿದ್ರೆ ಕಾಯ್ದೆಯಲ್ಲಿ ಅದಕ್ಕೆ ಬೇರೆ ಅಪವಾದ ಇದೆ. ಕೋಡಿಗೆ ಇಲ್ಲ. ಕಂಪ್ಯೂಟರ್ ಪ್ರೋಗ್ರಾಂ ಈ ಕಾಯ್ದೆಯಲ್ಲಿ ಸಾಹಿತ್ಯ ಕೃತಿಗಳ ಸಾಲಿನಲ್ಲಿ ಬರುತ್ತೆ.

ಅಂದ್ರೆ, ಬರವಣಿಗೆಯಲ್ಲಿ ಏನೂ ಇಲ್ಲದಿದ್ರೆ, ನೀವು 21,000 ಕೊಟ್ಟು ಮಾಡಿಸಿದ ವೆಬ್‌ಸೈಟಿನ ಕೋಡ್ ಅವರದ್ದೇ ಆಗಿ ಉಳಿಯಬಹುದು. 19ನೇ ಸೆಕ್ಷನ್ ಹೇಳುತ್ತೆ: ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೀದಿದ್ರೆ ಐದು ವರ್ಷ ಅಂತ ಲೆಕ್ಕ. ಎಲ್ಲಿಗೆ ಅಂತ ಬರೀದಿದ್ರೆ ಭಾರತದೊಳಗೆ ಮಾತ್ರ ಅಂತ ಲೆಕ್ಕ.

ವಾಟ್ಸ್‌ಆ್ಯಪ್‌ನಲ್ಲಿ "ಓಕೆ ಸರ್, ಎಲ್ಲಾ ನಿಮ್ದೇ" ಅಂತ ಬಂದ ಮೆಸೇಜಿಗೂ ಸಹಿ ಹಾಕಿದ ಒಂದು ಪುಟಕ್ಕೂ ಎಷ್ಟು ವ್ಯತ್ಯಾಸ ಅಂತ ಈಗ ಗೊತ್ತಾಯ್ತಲ್ಲ. ಒಂದು ಪುಟ ಸಾಕು. ಬಾಕಿ ಪೂರ್ತಿ ಪಾವತಿಯಾದ ದಿನ, ನಮಗಾಗಿ ಬರೆದ ಕೋಡ್, ವಿನ್ಯಾಸ, ಬರಹದ ಹಕ್ಕು ಶಾಶ್ವತವಾಗಿ, ಜಗತ್ತಿನಾದ್ಯಂತ ನಮಗೆ ಸೇರುತ್ತೆ ಅಂತ ಬರೆಸಿ.

"ಪೂರ್ತಿ ಪಾವತಿಯಾದ ದಿನ" ಅನ್ನೋದನ್ನ ಬಿಡಬೇಡಿ. ಅದು ಡಿಸೈನರ ರಕ್ಷಣೆಗೆ. ದುಡ್ಡು ಕೊಡದೆ ಕೆಲಸ ಎತ್ಕೊಂಡು ಹೋಗೋ ಗಿರಾಕಿಗಳೂ ನಮ್ಮಲ್ಲೇ ಇದ್ದಾರೆ.

ಭಾಗ 9/10: ನೀವು ಕೇಳಿದ ಪ್ರಶ್ನೆಗಳು

"ಎಐ ಹತ್ತು ನಿಮಿಷದಲ್ಲಿ ಮಾಡುತ್ತೆ, ಡಿಸೈನರ್ ಯಾಕೆ?"
ಪುಟ ಮಾಡುತ್ತೆ, ನಿಜ. ನಾನೂ ಮಾಡಿ ನೋಡಿದೆ, ಚೆನ್ನಾಗೇ ಬಂತು. ಆದರೆ ಡೊಮೈನ್ ಯಾರ ಹೆಸರಲ್ಲಿ, ಬ್ಯಾಕಪ್ ಎಲ್ಲಿ, ಪೇಮೆಂಟ್ ನಿಂತ್ರೆ ಯಾರಿಗೆ ಫೋನ್ ಮಾಡೋದು, ಇದಕ್ಕೆ ಅದು ಜವಾಬ್ದಾರಿ ತಗೊಳ್ಳಲ್ಲ. ನನ್ನ 60 ಗಂಟೆಯ ಪಟ್ಟಿಯಲ್ಲಿ ಕಟ್ಟೋ ಕೆಲಸದ 16 ಗಂಟೆ ಕಮ್ಮಿಯಾಗಬಹುದು. ಹಾಗಿದ್ರೆ ಬೆಲೆಯಲ್ಲೂ ಕಮ್ಮಿಯಾಗಲಿ ಅಂತ ಕೇಳಿ. ಬಾಬ್ತುವಾರು ಲೆಕ್ಕ ಇದ್ರೆ ತಾನೇ ಕೇಳೋಕಾಗೋದು?

"ಇನ್‌ಸ್ಟಾ ಪೇಜ್, ವಾಟ್ಸ್‌ಆ್ಯಪ್ ಸಾಕಲ್ವಾ?"
ಎಷ್ಟೋ ಜನಕ್ಕೆ ನಿಜವಾಗಿ ಸಾಕು. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಪುಕ್ಕಟೆ, ಗೂಗಲ್ ಮ್ಯಾಪಿನಲ್ಲಿ ಅಂಗಡಿ ಹಾಕೋದೂ ಪುಕ್ಕಟೆ. ಬೀದಿಯವರೇ ಗಿರಾಕಿಗಳಾಗಿರೋ ಅಂಗಡಿಗೆ 21,000 ಖರ್ಚು ಮಾಡಿಸೋ ಡಿಸೈನರ್ ಒಳ್ಳೇ ಡಿಸೈನರ್ ಅಲ್ಲ. ಒಂದು ಎಚ್ಚರಿಕೆ ಮಾತ್ರ: ಗೂಗಲ್ ಸಣ್ಣ ವ್ಯಾಪಾರಿಗಳಿಗೆ ಪುಕ್ಕಟೆ ಕೊಡ್ತಿದ್ದ ವೆಬ್‌ಸೈಟುಗಳನ್ನ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಆ ವಿಳಾಸವನ್ನ ಬೋರ್ಡಿನ ಮೇಲೆ ಬರೆಸಿದವರ ಕಥೆಯೂ ನಮ್ಮ ಲೇಬಲ್ ಕಥೆಯೇ. ಬೇರೆಯವರ ಜಾಗದಲ್ಲಿ ಚಪ್ಪರ ಹಾಕಬಹುದು, ಗೋಡೆ ಕಟ್ಟೋಕಾಗಲ್ಲ.

"ಕೊನೆಗೂ 4,999 ಅಗ್ಗವೇ ತಾನೇ?"
ಚಿಕ್ಕಪ್ಪನ ಎರಡು ವರ್ಷದ ಲೆಕ್ಕ: 4,999, ರಿನ್ಯೂವಲ್ 7,500, ಆರು ಸಲ ರೇಟ್ ಬದಲಾಯಿಸೋಕೆ ತಲಾ 500ರಂತೆ 3,000, ವ್ಯರ್ಥವಾದ ಲೇಬಲ್ 6,000. ಒಟ್ಟು 21,499.
ಇನ್ನೊಂದು ದಾರಿ: ಕೆಲಸಕ್ಕೆ 21,000, ಡೊಮೈನ್ ಹೋಸ್ಟಿಂಗ್ ವರ್ಷಕ್ಕೆ 4,000 ಹಿಡಿದ್ರೆ ಎರಡು ವರ್ಷಕ್ಕೆ 8,000. ಒಟ್ಟು 29,000. ರೇಟ್ ಬದಲಾಯಿಸೋದು ಹೇಳಿಕೊಟ್ಟಿರ್ತಾರೆ, ನಾವೇ ಮಾಡ್ಕೊಳ್ಳೋದು.
ಹೌದು, ಎರಡನೇ ದಾರಿ 7,501 ರೂಪಾಯಿ ದುಬಾರಿ. ಸುಳ್ಳು ಹೇಳಲ್ಲ. ಆದರೆ ಎರಡು ವರ್ಷ ಆದ ಮೇಲೆ ಮೊದಲ ದಾರಿಯಲ್ಲಿ ಕೈಯಲ್ಲಿ ಉಳಿದಿದ್ದು ಒಂದು ಲೇಬಲ್ ರೋಲ್. ಎರಡನೇ ದಾರಿಯಲ್ಲಿ ಹೆಸರು, ಸೈಟು ಎರಡೂ ನಿಮ್ಮದಾಗಿ ಉಳಿಯುತ್ತೆ.

ಭಾಗ 10/10: ಈ ಏಳು ಕೇಳಿ

ಕೊನೇ ಭಾಗ. ಯಾರ ಹತ್ತಿರ ವೆಬ್‌ಸೈಟ್ ಮಾಡಿಸಿದ್ರೂ, ಅಡ್ವಾನ್ಸ್ ಕೊಡೋ ಮುಂಚೆ ಕೇಳಿ.

1. ಡೊಮೈನ್, ಹೋಸ್ಟಿಂಗ್ ಎರಡೂ ನನ್ನ ಇಮೇಲ್, ನನ್ನ ಅಕೌಂಟಿನಲ್ಲಿ ಇರುತ್ತಾ?
2. ಹೆಸರು, ಜಾಗ, ಕೆಲಸ, ನಿಗಾ, ಈ ನಾಲ್ಕಕ್ಕೂ ಬೇರೆ ಬೇರೆ ಮೊತ್ತ ಬರೆದು ಕೊಡ್ತೀರಾ?
3. ಎರಡನೇ ವರ್ಷ ಎಷ್ಟು? ಮೂರನೇ ವರ್ಷ ಎಷ್ಟು?
4. ಟೆಂಪ್ಲೇಟಾ, ಹೊಸದಾಗಿ ಮಾಡೋದಾ? ಟೆಂಪ್ಲೇಟ್ ಆದ್ರೆ ಯಾವುದು?
5. ಎಷ್ಟು ಸಲ ತಿದ್ದುಪಡಿ ಸೇರಿದೆ? ಆಮೇಲೆ ಗಂಟೆಗೆ ಎಷ್ಟು?
6. ಫೋಟೋ, ಬರಹ, ಕನ್ನಡ ಯಾರ ಜವಾಬ್ದಾರಿ?
7. ಪೂರ್ತಿ ದುಡ್ಡು ಕೊಟ್ಟ ಮೇಲೆ ಪಾಸ್‌ವರ್ಡ್, ಬ್ಯಾಕಪ್, ಹಕ್ಕುಪತ್ರ ಕೈಗೆ ಕೊಡ್ತೀರಾ?

ಇದಕ್ಕೆ ಮುಖ ಸಿಂಡರಿಸೋರನ್ನ ಬಿಡಿ. ಸಮಾಧಾನವಾಗಿ ಉತ್ತರ ಕೊಡೋರು ಸಿಕ್ಕಿದ್ರೆ ಚೌಕಾಸಿ ಮಾಡಬೇಡಿ. ಅಡ್ವಾನ್ಸ್ ಸರಿಯಾಗಿ ಕೊಡಿ, ಫೋಟೋ ಹೇಳಿದ ದಿನ ಕಳಿಸಿ, ಬಾಕಿಗೆ ಅಲೆಸಬೇಡಿ.

ಡಿಸೈನರುಗಳಿಗೂ ಒಂದು ಮಾತು. ನಿಮ್ಮ ಗಂಟೆಯ ರೇಟ್ ಬರೆಯೋಕೆ ನಾಚಿಕೆ ಪಡಬೇಡಿ. ಅದನ್ನ ಮುಚ್ಚಿಟ್ಟು ಡೊಮೈನನ್ನ ಒತ್ತೆ ಇಟ್ಕೊಂಡು ಬದುಕೋದು ಬೇಡ. ನಿಮ್ಮಲ್ಲಿ ಸರಿಯಾಗಿರೋ ನೂರು ಜನರ ಹೆಸರನ್ನ ಕೆಡಿಸ್ತಿರೋದು ಆ ಒತ್ತೆ ಇಟ್ಕೊಳ್ಳೋರು.

ಚಿಕ್ಕಪ್ಪ ಈಗ ಹೊಸ ಹೆಸರು ತಗೊಂಡಿದ್ದಾರೆ. ಅಕೌಂಟ್ ಅವರದ್ದೇ ಇಮೇಲಿನಲ್ಲಿ, ಪಾಸ್‌ವರ್ಡ್ ಗಾಣದ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ (ಅಲ್ಲಿ ಬರೀಬೇಡಿ ಅಂದ್ರೂ ಕೇಳಲಿಲ್ಲ). ಸದ್ಯಕ್ಕೆ ವಾಟ್ಸ್‌ಆ್ಯಪ್ ಕ್ಯಾಟಲಾಗ್ ಒಂದೇ, ದುಡ್ಡು ಸೇರಿದ ಮೇಲೆ ಸೈಟ್. ಈ ಸಲ ಮೂವರ ಹತ್ತಿರ ಕೊಟೇಶನ್ ತಗೊಂಡಿದ್ದೀವಿ. ಇಬ್ಬರು ಒಂದೇ ಸಾಲು ಕಳಿಸಿದ್ರು. ಮೂರನೆಯವರು ಎರಡು ಪುಟದ ಲೆಕ್ಕ ಕಳಿಸಿದ್ರು, ಮೂವರಲ್ಲಿ ಅವರದ್ದೇ ಜಾಸ್ತಿ.

ಚಿಕ್ಕಪ್ಪ ಮತ್ತೆ ಕೇಳಿದ್ರು, "ರೇಟ್ ಸರಿಯಿದೆಯಾ ನೋಡು."
ಈ ಸಲ ಎರಡು ಪುಟವನ್ನೂ ಓದಿ, ಆಮೇಲೆ ಹೇಳಿದೆ.

ಅಂಗಡಿ, ಗಾಣ, ಉಪ್ಪಿನಕಾಯಿ, ಹೊಲಿಗೆ, ಹೋಂಸ್ಟೇ ಅಂತ ಏನಾದರೂ ನಡೆಸ್ತಿರೋರು ನಿಮ್ಮ ಮನೆಯಲ್ಲಿದ್ರೆ ಈ ಭಾಗ ಅವರಿಗೆ ಕಳಿಸಿ. ನಿಮ್ಮ ಡೊಮೈನ್ ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ, ಕಾಮೆಂಟಿನಲ್ಲಿ ಹೇಳಿ.

#ಲೆಕ್ಕಕೇಳಿ #ಸಣ್ಣವ್ಯಾಪಾರ #ವೆಬ್‌ಡಿಸೈನ್ #ಕನ್ನಡ #ಬಿಕಾಂ #ತಿಪಟೂರು